ಉದ್ಘಾಟನೆಯ ಮಾರನೇ ದಿನದ ಖರ್ಚು

ಪ್ರಶ್ನೆ: ಚುನಾವಣೆ ಹತ್ತಿರ ಬಂದಿದೆ. ಒಂದು ಪಕ್ಷ ಎಲ್ಲರಿಗೂ ಉಚಿತ ಚಿಕಿತ್ಸೆ, ಪ್ರತಿ ಪಟ್ಟಣಕ್ಕೂ ಡಯಾಲಿಸಿಸ್ ಕೇಂದ್ರ ಅನ್ನುತ್ತಿದೆ. ಇನ್ನೊಂದು ಪಕ್ಷ ತೆರಿಗೆಯನ್ನೂ ಇಳಿಸುತ್ತೇವೆ, ಆಸ್ಪತ್ರೆಗಳನ್ನೂ ಹೆಚ್ಚಿಸುತ್ತೇವೆ ಅನ್ನುತ್ತಿದೆ. ನಮ್ಮ ತಂದೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಹಾಗಾಗಿ ಇದು ನಮಗೆ ಬರೀ ಹರಟೆಯ ವಿಷಯ ಅಲ್ಲ. ಇದೆಲ್ಲ ಆಗೋ ಮಾತಾ? ದುಡ್ಡು ಎಲ್ಲಿಂದ ಬರುತ್ತೆ? ಪ್ರಣಾಳಿಕೆ ಓದುವಾಗ ನಾವು ಏನು ನೋಡಬೇಕು?

ಉತ್ತರ: ನಿಮ್ಮ ತಂದೆಯವರ ಡಯಾಲಿಸಿಸ್‌ನಿಂದಲೇ ಶುರು ಮಾಡುತ್ತೇನೆ. ಸರ್ಕಾರಿ ಆರೋಗ್ಯದ ಲೆಕ್ಕ ಅರ್ಥವಾಗಲು ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ವಾರಕ್ಕೆ ಮೂರು ಸಲ ಅಂದರೆ ವರ್ಷಕ್ಕೆ 156 ಸಲ. ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ. ಯಂತ್ರದೊಳಗೆ ನಿಮಿಷಕ್ಕೆ ಸಾಮಾನ್ಯವಾಗಿ ಅರ್ಧ ಲೀಟರ್ ದ್ರಾವಣ ಹರಿಯುತ್ತದೆ, ಒಂದು ಸಲಕ್ಕೆ 120 ಲೀಟರ್ ಆಯಿತು. ಅದಕ್ಕೆ ನಲ್ಲಿ ನೀರು ನಡೆಯುವುದಿಲ್ಲ, ಆರ್‌ಒ ಘಟಕದಲ್ಲಿ ಶುದ್ಧ ಮಾಡಿದ ನೀರೇ ಬೇಕು. ಜೊತೆಗೆ ರಕ್ತ ಸೋಸುವ ಡಯಲೈಸರ್, ಟ್ಯೂಬು, ಸೂಜಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಕರೆಂಟು, ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಟೆಕ್ನಿಷಿಯನ್. ಒಂದು ಯಂತ್ರ ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ, ಒಮ್ಮೆಯೂ ಕೆಡದೆ ಓಡಿತು ಅಂತಲೇ ಇಟ್ಟುಕೊಳ್ಳಿ. ಆದರೂ ವಾರಕ್ಕೆ ಸಿಗುವುದು 18 ಸರದಿ. ಒಬ್ಬರಿಗೆ ಮೂರರಂತೆ ಹಂಚಿದರೆ ಆರು ಜನ. ಏಳನೆಯವರು ಬಂದರೆ ಇನ್ನೊಂದು ಯಂತ್ರ ತರಬೇಕು.

ಅಂದರೆ ಹತ್ತು ಯಂತ್ರಗಳ ಕೇಂದ್ರ ಉದ್ಘಾಟನೆಯಾದರೆ ಅದು ಅರವತ್ತು ಜನರ ಕೇಂದ್ರ. ವೇದಿಕೆಯ ಮೇಲೆ ಅದು 'ಇಡೀ ಪಟ್ಟಣಕ್ಕೆ' ಆಗಿಬಿಡುತ್ತದೆ.

ಇನ್ನೊಂದು ಸಂಗತಿ ಇದೆ. ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡವರು ಮನೆಗೆ ಹೋಗುತ್ತಾರೆ, ಆ ಹಾಸಿಗೆ ಮುಂದಿನವರಿಗೆ ಸಿಗುತ್ತದೆ. ಡಯಾಲಿಸಿಸ್ ಹಾಗಲ್ಲ. ಕಿಡ್ನಿ ಕಸಿ ಆಗುವವರೆಗೆ, ಇಲ್ಲವೇ ಕೊನೆಯವರೆಗೆ, ಅದೇ ಮನುಷ್ಯ ಅದೇ ಸರದಿಗೆ ಬರುತ್ತಾರೆ. ಚಿಕಿತ್ಸೆ ಚೆನ್ನಾಗಿದ್ದಷ್ಟೂ ಹೆಚ್ಚು ವರ್ಷ ಬದುಕುತ್ತಾರೆ. ಅದೇ ತಾನೆ ನಮಗೆ ಬೇಕಾದ್ದು? ಆದರೆ ಖಜಾನೆಯ ಕಡೆಯಿಂದ ನೋಡಿದರೆ ಪ್ರತಿ ವರ್ಷ ಹೊಸಬರು ಸೇರುತ್ತಾರೆ, ಹಳಬರೂ ಇರುತ್ತಾರೆ.

ಅಮೆರಿಕ ಇದನ್ನು ಅನುಭವಿಸಿ ಕಲಿಯಿತು. 1960ರ ದಶಕದ ಆರಂಭದಲ್ಲಿ ಸಿಯಾಟಲ್‌ನಲ್ಲಿ ಇದ್ದದ್ದೇ ಬೆರಳೆಣಿಕೆಯ ಯಂತ್ರಗಳು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ತೀರ್ಮಾನಿಸಲು ಊರಿನ ಸಾಮಾನ್ಯ ಜನರದ್ದೇ ಒಂದು ಸಮಿತಿ ಇತ್ತು. ಬದುಕುವವರ ಪಟ್ಟಿ ಮಾಡೋ ಸಮಿತಿ! ಅದರ ನಾಚಿಕೆಯೂ ಸೇರಿ, 1972ರಲ್ಲಿ ಅಲ್ಲಿನ ಸಂಸತ್ತು ಕಿಡ್ನಿ ಕೈಕೊಟ್ಟ ಬಹುತೇಕ ಎಲ್ಲರ ಖರ್ಚನ್ನೂ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ವಹಿಸಿತು. ಆಗ ಡಯಾಲಿಸಿಸ್‌ನಲ್ಲಿದ್ದವರು ಸುಮಾರು 10,000. ಇಂದು 5 ಲಕ್ಷಕ್ಕೂ ಹೆಚ್ಚು. ಕಾನೂನು ತಪ್ಪಾಗಿತ್ತು ಅಂತ ನಾನು ಹೇಳುತ್ತಿಲ್ಲ, ಅದು ಲಕ್ಷಾಂತರ ಜೀವ ಉಳಿಸಿದೆ. ಮೊದಲ ವರ್ಷದ ಲೆಕ್ಕ ನೋಡಿ ಇಪ್ಪತ್ತನೇ ವರ್ಷದ ಲೆಕ್ಕ ಹೇಳಲು ಆಗುವುದಿಲ್ಲ ಅನ್ನುತ್ತಿದ್ದೇನೆ, ಅಷ್ಟೇ.

ಪ್ರಣಾಳಿಕೆಗಳ ಕಷ್ಟ ಇರುವುದು ಇಲ್ಲೇ. ಅವು ಮಾತಾಡುವುದು ಒಂದು ಸಲದ ಖರ್ಚಿನ ಬಗ್ಗೆ. ಕಟ್ಟಡ, ಯಂತ್ರ, ಆಂಬುಲೆನ್ಸ್, ಕಾರ್ಡು. ಆಸ್ಪತ್ರೆ ನಡೆಯುವುದು ಪ್ರತಿ ತಿಂಗಳ ಖರ್ಚಿನಿಂದ. ಆನೆ ತರುವುದಕ್ಕಿಂತ ಅದರ ಹೊಟ್ಟೆ ತುಂಬಿಸುವುದು ಕಷ್ಟ ಅಲ್ವಾ? ವಾರ್ಡಿನಲ್ಲಿ ಒಂದೇ ಒಂದು ಕುರ್ಚಿಯಲ್ಲಿ ಹಗಲು ರಾತ್ರಿ ಒಬ್ಬ ನರ್ಸ್ ಇರಬೇಕು ಅಂದರೆ ಎಷ್ಟು ಜನರನ್ನು ನೇಮಿಸಬೇಕು? ವಾರಕ್ಕೆ 168 ಗಂಟೆ. ಒಬ್ಬರು 42 ಗಂಟೆ ಕೆಲಸ ಮಾಡಿದರೆ ನಾಲ್ಕು ಜನ. ರಜೆ, ಹೆರಿಗೆ ರಜೆ, ತರಬೇತಿ, ಜ್ವರ ಎಲ್ಲ ಸೇರಿಸಿದರೆ ಐದು. ಒಂದು ಕುರ್ಚಿಗೆ ಐದು ಸಂಬಳ, ಅದೂ ಪ್ರತಿ ತಿಂಗಳು, ಅವರು ನಿವೃತ್ತರಾಗುವವರೆಗೆ. 'ನೂರು ಹಾಸಿಗೆಯ ಆಸ್ಪತ್ರೆ' ಅಂತ ಯಾರಾದರೂ ಹೇಳಿದಾಗ ನನಗೆ ಹಾಸಿಗೆ ಕಾಣುವುದೇ ಇಲ್ಲ, ಈ ಕುರ್ಚಿಗಳೇ ಕಾಣುತ್ತವೆ.

ನಾನು ಆಸ್ಪತ್ರೆಗಳ ಲೆಕ್ಕಪತ್ರ ನೋಡುತ್ತಿದ್ದ ಕಾಲದ ಒಂದು ಕೋಣೆ ಈಗಲೂ ನೆನಪಿದೆ. ಒಳಗೆ ಹೊಸ ಸ್ಕ್ಯಾನಿಂಗ್ ಯಂತ್ರ. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಉದ್ಘಾಟನೆಯ ರಿಬ್ಬನ್ನಿನ ತುಂಡು ಮಾತ್ರ ಬಾಗಿಲ ಚಿಲಕದಲ್ಲಿ ಹಾಗೇ ನೇತಾಡುತ್ತಿತ್ತು. ಯಂತ್ರ ಕೊಳ್ಳಲು ಹಣ ಬಂದಿತ್ತು. ಅದನ್ನು ನಡೆಸುವವರ ಹುದ್ದೆ ಮಂಜೂರಾಗಿರಲಿಲ್ಲ, ವಾರ್ಷಿಕ ನಿರ್ವಹಣೆಯ ಒಪ್ಪಂದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ಯಾರೂ ಕದ್ದಿರಲಿಲ್ಲ. ಕಡತ ಅಚ್ಚುಕಟ್ಟಾಗಿತ್ತು. ಸುಮ್ನೆ ಯಾರೂ ಎರಡನೇ ವರ್ಷದ ಬಗ್ಗೆ ಯೋಚಿಸಿರಲಿಲ್ಲ.

ದುಡ್ಡು ಕಡಿಮೆ ಬಿದ್ದಾಗ ಏನಾಗುತ್ತದೆ ಅಂತಲೂ ಗೊತ್ತಿರಲಿ. ಸಂಬಳ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಮೊದಲು ಕತ್ತರಿ ಬೀಳುವುದು ಔಷಧಿಗೆ, ಆಮೇಲೆ ರಿಪೇರಿಗೆ. ಡಾಕ್ಟರು ಇರುತ್ತಾರೆ, ಚೀಟಿ ಬರೆಯುತ್ತಾರೆ, ಮಾತ್ರೆ ಹೊರಗಡೆ ತಗೊಳ್ಳಿ ಅನ್ನುತ್ತಾರೆ. ಕಾಗದದ ಮೇಲೆ ಸೇವೆ ಉಚಿತವಾಗಿಯೇ ಉಳಿಯುತ್ತದೆ.

ಇದಕ್ಕೆ ಉಗಾಂಡಕ್ಕಿಂತ ಸ್ಪಷ್ಟ ಉದಾಹರಣೆ ನಾನು ನೋಡಿಲ್ಲ. ಅಲ್ಲಿ 2001ರ ಮಾರ್ಚ್ 12ರಂದು ಅಧ್ಯಕ್ಷೀಯ ಚುನಾವಣೆ ಇತ್ತು. ಅಧ್ಯಕ್ಷ ಮುಸೆವೆನಿ ಸರ್ಕಾರಿ ಆಸ್ಪತ್ರೆಗಳ ಶುಲ್ಕವನ್ನು ರದ್ದು ಮಾಡಿದ್ದು ಮಾರ್ಚ್ 1ರಿಂದ. ತಾರೀಖು ನೋಡಿದರೆ ಉದ್ದೇಶ ತಿಳಿಯುತ್ತದೆ. ಆದರೆ ಕೆಲಸ ಕೆಟ್ಟದ್ದಾಗಿರಲಿಲ್ಲ. ಅದುವರೆಗೆ ಶುಲ್ಕಕ್ಕೆ ಹೆದರಿ ಮನೆಯಲ್ಲೇ ನರಳುತ್ತಿದ್ದ ಬಡವರು ಆಸ್ಪತ್ರೆಗೆ ಬಂದರು, ಗುಂಪು ಗುಂಪಾಗಿ ಬಂದರು. ಅಷ್ಟು ಜನಕ್ಕೆ ಸಾಲುವಷ್ಟು ಔಷಧಿ ದಾಸ್ತಾನು ಇರಲಿಲ್ಲ. ಕಪಾಟು ಖಾಲಿಯಾದಾಗ ಜನ ಖಾಸಗಿ ಅಂಗಡಿಗೆ ಹೋದರು. ಕೆಲ ವರ್ಷಗಳ ನಂತರ ಸಂಶೋಧಕರು ಲೆಕ್ಕ ಹಾಕಿದಾಗ ವಿಚಿತ್ರ ಕಂಡಿತು. ಬಡವರು ಆಸ್ಪತ್ರೆಗೆ ಹೋಗುವುದು ಜಾಸ್ತಿ ಆಗಿತ್ತು, ಆದರೆ ಕಾಯಿಲೆಯ ಖರ್ಚಿಗೆ ಸಂಸಾರವೇ ಕುಸಿಯುವುದು ಕಡುಬಡವರಲ್ಲಿ ಕಡಿಮೆ ಆಗಿರಲಿಲ್ಲ. ಶುಲ್ಕ ತೆಗೆಯುವುದು ಒಂದು ಸಹಿಯ ಕೆಲಸ. ಆ ಶುಲ್ಕದ ಜಾಗಕ್ಕೆ ಔಷಧಿ ತಂದಿಡುವುದು ಬೇರೆ ಕೆಲಸ.

'ಬೇಡಿಕೆ ಹೀಗೆ ಏರುತ್ತೆ ಅಂತ ಮೊದಲೇ ಗೊತ್ತಾಗಲ್ವಾ?' ಅಂತ ನೀವು ಕೇಳಬಹುದು. ಘಟಾನುಘಟಿಗಳಿಗೂ ಗೊತ್ತಾಗಿಲ್ಲ. ಬ್ರಿಟನ್ನಿನಲ್ಲಿ 1942ರ ಬೆವರಿಜ್ ವರದಿ ಆರೋಗ್ಯ ಸೇವೆಗೆ ವರ್ಷಕ್ಕೆ 17 ಕೋಟಿ ಪೌಂಡ್ ಬೇಕು ಅಂದಿತು. 1945ಕ್ಕೂ ಅಷ್ಟೇ, 1965ಕ್ಕೂ ಅಷ್ಟೇ. ಚಿಕಿತ್ಸೆ ಸಿಕ್ಕರೆ ಜನ ಆರೋಗ್ಯವಂತರಾಗುತ್ತಾರೆ, ಆಮೇಲೆ ಚಿಕಿತ್ಸೆಯೇ ಕಡಿಮೆ ಸಾಕು ಅನ್ನುವ ಊಹೆ. ಕೇಳಲು ಎಷ್ಟು ಚಂದ! 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಸೇವೆ, ಎನ್‌ಎಚ್‌ಎಸ್ ಶುರುವಾಯಿತು. ಮೊದಲ ವರ್ಷದಲ್ಲೇ ಐವತ್ತು ಲಕ್ಷಕ್ಕೂ ಹೆಚ್ಚು ಕನ್ನಡಕ ಹಂಚಿದರು. ಅಷ್ಟು ವರ್ಷ ಕಣ್ಣು ಕಿವುಚಿಕೊಂಡು ಓದುತ್ತಿದ್ದವರು, ಹಲ್ಲುನೋವು ನುಂಗಿಕೊಂಡಿದ್ದವರು ಎಲ್ಲ ಒಟ್ಟಿಗೆ ಬಂದರು. 1949-50ರ ಹೊತ್ತಿಗೆ ಖರ್ಚು 30 ಕೋಟಿ ಪೌಂಡ್ ದಾಟಿತ್ತು. 1951ರಲ್ಲಿ ಕೊರಿಯಾ ಯುದ್ಧದ ಖರ್ಚು ಎದುರಾದಾಗ ಅದನ್ನು ತಂದ ಲೇಬರ್ ಪಕ್ಷದ ಸರ್ಕಾರವೇ ಕೃತಕ ಹಲ್ಲು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಿತು. ಎನ್‌ಎಚ್‌ಎಸ್ ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. 1952ರಲ್ಲಿ ಔಷಧಿ ಚೀಟಿಗೂ ಒಂದು ಶಿಲಿಂಗ್ ಬಂತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ 'ನೋಡಿ, ಉಚಿತ ಕೊಟ್ಟರೆ ದೇಶ ದಿವಾಳಿ' ಅನ್ನುವವರಿದ್ದಾರೆ. ಅದೂ ಅರ್ಧ ಸತ್ಯವೇ. ಖರ್ಚು ಕೈಮೀರಿದೆ ಎಂಬ ಗುಲ್ಲೆದ್ದು, ಸರ್ಕಾರ ಗಿಲ್ಲೆಬೋ ಸಮಿತಿ ನೇಮಿಸಿತು. ಅದರ ವರದಿ 1956ರಲ್ಲಿ ಬಂತು. ದೇಶದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ಎನ್‌ಎಚ್‌ಎಸ್‌ನ ಖರ್ಚು ಶೇ. 3.75ರಿಂದ ಶೇ. 3.25ಕ್ಕೆ ಇಳಿದಿತ್ತು! ದುಂದು ಅಂತ ಬೈಸಿಕೊಳ್ಳುತ್ತಿದ್ದ ಸಂಸ್ಥೆ ನಿಜವಾಗಿ ಹಸಿದುಕೊಂಡು ನಡೆಯುತ್ತಿತ್ತು. ಹಾಗಾಗಿ 'ಇದು ಸಾಧ್ಯವೇ ಇಲ್ಲ' ಅನ್ನುವವರ ಲೆಕ್ಕವನ್ನೂ ಅಷ್ಟೇ ಅನುಮಾನದಿಂದ ನೋಡಿ.

ಇನ್ನು ದುಡ್ಡು ಎಲ್ಲಿಂದ ಅನ್ನುವ ಮಾತು. ಮೂಲ ಹೆಚ್ಚೇನಿಲ್ಲ. ಎಲ್ಲರೂ ಕಟ್ಟುವ ತೆರಿಗೆ, ಸಂಬಳದಿಂದ ಹಿಡಿಯುವ ವಿಮೆ ಕಂತು, ಸಿಗರೇಟು ಮದ್ಯದಂಥವುಗಳ ಮೇಲಿನ ಸೆಸ್, ಸಾಲ, ಅಥವಾ ರೋಗಿಯ ಜೇಬು. ಯಾವ ಪಕ್ಷ ಎಷ್ಟೇ ಹೊಸ ಹೆಸರಿಟ್ಟರೂ ಕೊನೆಗೆ ಇವುಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ನೀವು ಹೇಳಿದ ಎರಡನೇ ಪಕ್ಷ ತೆರಿಗೆಯನ್ನೂ ಇಳಿಸುತ್ತದೆ, ಆಸ್ಪತ್ರೆಗಳನ್ನೂ ಹೆಚ್ಚಿಸುತ್ತದೆ ಅಲ್ವಾ? ಹಾಗಾದರೆ ಉಳಿಯುವುದು ಸಾಲ ಮತ್ತು ರೋಗಿಯ ಜೇಬು. ಅವರು ಇದನ್ನು ಒಪ್ಪುವುದಿಲ್ಲ. 'ಪೋಲು ತಡೆದು ಹಣ ಉಳಿಸುತ್ತೇವೆ' ಅನ್ನುತ್ತಾರೆ.

ಪೋಲು ಇರುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆ 2010ರ ವರದಿಯಲ್ಲಿ ಆರೋಗ್ಯಕ್ಕೆ ಖರ್ಚಾಗುವ ಹಣದಲ್ಲಿ ಶೇ. 20ರಿಂದ 40ರಷ್ಟು ವ್ಯರ್ಥವಾಗುತ್ತದೆ ಅಂದಿತ್ತು. ಆದರೆ ಪೋಲಾದ ಹಣ ಎಲ್ಲೋ ಒಂದು ಡ್ರಾಯರಿನಲ್ಲಿ ಕೂತಿರುವುದಿಲ್ಲ, ತೆಗೆದುಕೊಂಡು ಬರಲು. ಅದು ಬೇಡದ ಆ್ಯಂಟಿಬಯೋಟಿಕ್‌ನಲ್ಲಿದೆ, ಸಸ್ತಾ ಔಷಧಿ ಇದ್ದೂ ದುಬಾರಿಯದನ್ನು ಬರೆಯುವ ಅಭ್ಯಾಸದಲ್ಲಿದೆ, ಎರಡು ದಿನಕ್ಕೆ ಬಿಡಬಹುದಾದ ರೋಗಿಯನ್ನು ಐದು ದಿನ ಇಟ್ಟುಕೊಳ್ಳುವುದರಲ್ಲಿದೆ. ಅದನ್ನು ಸರಿಪಡಿಸಲು ಮೊದಲು ಖರ್ಚು ಮಾಡಬೇಕು, ವರ್ಷಗಟ್ಟಲೆ ಕಾಯಬೇಕು, ಸಂಘಗಳ ಜೊತೆ ಗುದ್ದಾಡಬೇಕು. ಬರೀ ಪೋಲು ತಡೆದ ಹಣದಲ್ಲಿ ಹೊಸ ಆಸ್ಪತ್ರೆ ಕಟ್ಟುತ್ತೇವೆ ಅಂದವರನ್ನು ನಾನಂತೂ ನಂಬುವುದಿಲ್ಲ.

ಮೀಸಲು ಸೆಸ್ ಕೇಳಲು ಚೆನ್ನಾಗಿರುತ್ತದೆ. ಘಾನಾ 2003ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ ತಂದಾಗ ಅದಕ್ಕಾಗಿಯೇ ಶೇ. 2.5ರ ತೆರಿಗೆ ಹಾಕಿತು, ಅದು ಪ್ರಾಮಾಣಿಕ ಕೆಲಸ. ಆಮೇಲೆ 2008ರ ಚುನಾವಣೆಯಲ್ಲಿ ಎನ್‌ಡಿಸಿ ಪಕ್ಷ 'ಒಂದೇ ಸಲ ಕಂತು ಕಟ್ಟಿ, ಜೀವನಪೂರ್ತಿ ವಿಮೆ' ಅಂತ ಭರವಸೆ ಕೊಟ್ಟಿತು. ಗೆದ್ದಿತು. ಒಂದೇ ಸಲದ ಕಂತು ಬರಲೇ ಇಲ್ಲ, ಲೆಕ್ಕ ಕೂಡಲಿಲ್ಲ. 2017ರಲ್ಲಿ ಇನ್ನೊಂದು ಸರ್ಕಾರ ಮೀಸಲು ನಿಧಿಗಳಿಗೆಲ್ಲ ಮಿತಿ ಹಾಕುವ ಕಾನೂನು ತಂದಿತು. ವಿಮೆಯ ಹೆಸರಲ್ಲಿ ವಸೂಲಾದ ತೆರಿಗೆ ಕೂಡ ಪೂರ್ತಿಯಾಗಿ ವಿಮೆಗೆ ಹೋಗದ ಸ್ಥಿತಿ ಬಂತು. ಮೀಸಲು ಅನ್ನುವುದು ಖಜಾನೆ ತುಂಬಿರುವವರೆಗೆ ಮಾತ್ರ.

ತಪ್ಪೆಲ್ಲ ರಾಜಕಾರಣಿಗಳದ್ದೇ ಅಂತಲೂ ಅಲ್ಲ. ದುಡ್ಡು ಕೊಡುವಾಗ ನಾವೂ ಹಾಗೇ. 1988ರಲ್ಲಿ ಅಮೆರಿಕದ ಸಂಸತ್ತು ವೃದ್ಧರಿಗೆ ದೊಡ್ಡ ಕಾಯಿಲೆಗಳ ಖರ್ಚಿನಿಂದ ರಕ್ಷಣೆ ಕೊಡುವ ಕಾನೂನು ಮಾಡಿತು. ಖರ್ಚನ್ನು ಸೌಲಭ್ಯ ಪಡೆಯುವ ವೃದ್ಧರೇ ಭರಿಸಬೇಕಿತ್ತು, ಅನುಕೂಲಸ್ಥರು ಸ್ವಲ್ಪ ಜಾಸ್ತಿ. ಲೆಕ್ಕ ನೇರವಾಗಿತ್ತು, ಮುಚ್ಚುಮರೆ ಇರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಆ ಕಾನೂನಿನ ಹಿಂದಿದ್ದ ಸಂಸದ ಡ್ಯಾನ್ ರೋಸ್ಟೆನ್‌ಕೋಸ್ಕಿ ತಮ್ಮ ಷಿಕಾಗೋದಲ್ಲೇ ಒಂದು ಸಭೆ ಮುಗಿಸಿ ಹೊರಟಾಗ ವೃದ್ಧರು ಕಾರಿಗೆ ಮುತ್ತಿಗೆ ಹಾಕಿದರು. ಒಬ್ಬ ಅಜ್ಜಿ ಬಾನೆಟ್ಟಿನ ಮೇಲೇ ಏರಿದರು. ಸಂಸದರು ಕಾರಿನಿಂದಿಳಿದು ಓಡಬೇಕಾಯಿತು. ಅದೇ ವರ್ಷ ಕಾನೂನನ್ನೇ ವಾಪಸ್ ತೆಗೆದುಕೊಂಡರು. ಗಲಾಟೆ ಮಾಡಿದವರಲ್ಲಿ ಎಷ್ಟೋ ಜನ ಆ ಹೆಚ್ಚಿನ ತೆರಿಗೆ ಕಟ್ಟಬೇಕಾದವರೇ ಆಗಿರಲಿಲ್ಲ. ಆ ದೃಶ್ಯ ಟಿವಿಯಲ್ಲಿ ನೋಡಿದ ಯಾವ ರಾಜಕಾರಣಿ ತಾನೇ ಬಿಲ್ಲು ಎಷ್ಟಾಗುತ್ತದೆ ಅಂತ ಮೊದಲೇ ಹೇಳಲು ಧೈರ್ಯ ಮಾಡುತ್ತಾನೆ?

ಹಾಗಾಗಿ ಸಂಖ್ಯೆಗಳ ಜೊತೆ ಆಟ ಶುರುವಾಗುತ್ತದೆ. 2016ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟ ಬಿಡಬೇಕು ಅನ್ನುವವರು ತಮ್ಮ ಪ್ರಚಾರದ ಕೆಂಪು ಬಸ್ಸಿನ ಮೇಲೆ 'ಯುರೋಪಿಗೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ, ಅದನ್ನು ಎನ್‌ಎಚ್‌ಎಸ್‌ಗೆ ಕೊಡೋಣ' ಅಂತ ಬರೆದಿದ್ದರು. ಆ ಮೊತ್ತದಲ್ಲಿ ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆದೇ ಇರಲಿಲ್ಲ. 2019ರ ಚುನಾವಣೆಯಲ್ಲಿ ಅಲ್ಲಿನ ಕನ್ಸರ್ವೇಟಿವ್ ಪಕ್ಷದವರು '50,000 ಹೆಚ್ಚು ನರ್ಸ್‌ಗಳು' ಅಂದರು. ಬಿಡಿಸಿ ನೋಡಿದರೆ ಅದರಲ್ಲಿ ಸುಮಾರು 18,500 ಮಂದಿ ಈಗಾಗಲೇ ಕೆಲಸದಲ್ಲಿದ್ದವರು, ಬಿಟ್ಟುಹೋಗದಂತೆ ಉಳಿಸಿಕೊಳ್ಳುವವರು. ಇರುವವರನ್ನೇ 'ಹೆಚ್ಚು' ಅನ್ನುವ ಈ ಲೆಕ್ಕ ಕಂಡು ನನಗೆ ನಗು ಬಂತು. ಅದೇ ವರ್ಷ '2030ರೊಳಗೆ 40 ಹೊಸ ಆಸ್ಪತ್ರೆ' ಅಂದರು. ಹಳೆ ಆಸ್ಪತ್ರೆಗೆ ಸೇರಿಸಿದ ಹೊಸ ವಿಭಾಗವೂ ಆ ಎಣಿಕೆಯಲ್ಲಿ 'ಹೊಸ ಆಸ್ಪತ್ರೆ'ಯೇ. 2023ರಲ್ಲಿ ಅಲ್ಲಿನ ಲೆಕ್ಕ ಪರಿಶೋಧನಾ ಕಚೇರಿ ಈ ಗುರಿ ಮುಟ್ಟುವುದಿಲ್ಲ ಅಂತ ಹೇಳಿತು. 2025ರ ಹೊಸ ವೇಳಾಪಟ್ಟಿಯಲ್ಲಿ ಕೆಲವು ಆಸ್ಪತ್ರೆಗಳ ಕಟ್ಟಡದ ಕೆಲಸ ಶುರುವಾಗುವುದೇ 2037ರ ನಂತರ.

ಇಷ್ಟೆಲ್ಲ ಓದಿ ಬೇಸರವಾಯಿತೇನೋ. ಆದರೆ ಚುನಾವಣೆಯ ಭರವಸೆಯೊಂದು ನಿಜವಾದ ಉದಾಹರಣೆಯೂ ಇದೆ. ಅದರಲ್ಲೂ ಡಯಾಲಿಸಿಸ್ ಬರುತ್ತದೆ.

2001ರ ಜನವರಿಯ ಚುನಾವಣೆಯಲ್ಲಿ ಥಾಯ್ಲೆಂಡಿನ ತಕ್ಸಿನ್ ಅವರ ಪಕ್ಷ '30 ಬಾತ್ ಕೊಟ್ಟರೆ ಯಾವ ಕಾಯಿಲೆಗೂ ಚಿಕಿತ್ಸೆ' ಅಂತ ಘೋಷಿಸಿತು (ಬಾತ್ ಅಂದರೆ ಅಲ್ಲಿನ ಹಣ). ಅಪ್ಪಟ ಚುನಾವಣಾ ಘೋಷಣೆ. ಗೆದ್ದ ಮೇಲೆ ಏಪ್ರಿಲ್‌ನಲ್ಲಿ ಆರು ಪ್ರಾಂತ್ಯಗಳಲ್ಲಿ ಶುರುಮಾಡಿದರು, ಮರುವರ್ಷ ದೇಶಕ್ಕೆಲ್ಲ ಹಬ್ಬಿಸಿದರು. ಸುಮಾರು 4.5 ಕೋಟಿ ಜನ ಅದರೊಳಗೆ ಬಂದರು. ಹೇಗೆ ಸಾಧ್ಯವಾಯಿತು? ಘೋಷಣೆ ಹೊಸದು, ತಯಾರಿ ಹಳೆಯದು. ಅದಕ್ಕೂ ಮೊದಲಿನ ದಶಕಗಳಲ್ಲೇ ಜಿಲ್ಲೆ ಜಿಲ್ಲೆಗೂ ಆಸ್ಪತ್ರೆ ಕಟ್ಟಿದ್ದರು. ಹೊಸ ಡಾಕ್ಟರುಗಳು ಹಳ್ಳಿಯಲ್ಲಿ ಕೆಲಸ ಮಾಡಲೇಬೇಕು ಅನ್ನುವ ನಿಯಮ 1970ರ ದಶಕದಿಂದಲೇ ಇತ್ತು. ಸಂಗುವಾನ್ ನಿತ್ಯಾರಂಪೋಂಗ್ ಅನ್ನುವ ವೈದ್ಯ ಅಧಿಕಾರಿ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಲೆಕ್ಕ ಮಾಡಿಟ್ಟುಕೊಂಡು, ಕೇಳುವ ರಾಜಕಾರಣಿಗಾಗಿ ಕಾಯುತ್ತಿದ್ದರು. ತಲೆಗೆ ವರ್ಷಕ್ಕೆ 1,202 ಬಾತ್ ಅಂತ ನಿಗದಿ ಮಾಡಿದರು. ಹೊರರೋಗಿಗಳ ಚಿಕಿತ್ಸೆಗೆ ಆಸ್ಪತ್ರೆಗೆ ಹಣ ಬರುವುದು ಅದರ ವ್ಯಾಪ್ತಿಯ ಜನರ ಲೆಕ್ಕದಲ್ಲಿ, ಎಷ್ಟು ಪರೀಕ್ಷೆ ಮಾಡಿದೆ ಅನ್ನುವುದರ ಮೇಲಲ್ಲ. ಹಣ ಸರ್ಕಾರದ ಸಾಮಾನ್ಯ ತೆರಿಗೆಯದ್ದು.

ನನಗೆ ಹೆಚ್ಚು ಇಷ್ಟವಾಗುವುದು ಅವರು 'ಇಲ್ಲ' ಅಂದ ರೀತಿ. 'ಯಾವ ಕಾಯಿಲೆಗೂ' ಅಂತ ಘೋಷಣೆಯಲ್ಲಿದ್ದರೂ ಡಯಾಲಿಸಿಸ್ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಅಷ್ಟು ಹಣ ಇಲ್ಲ ಅಂತ ಬಿಟ್ಟಿದ್ದರು. ಆ ವರ್ಷಗಳಲ್ಲಿ ಅಲ್ಲಿನ ಎಷ್ಟೋ ಮನೆಗಳಲ್ಲಿ ನಿಮ್ಮ ತಂದೆಯಂಥವರು ಇದ್ದರು, ಆ ನೋವನ್ನು ನಾನು ಮರೆಸುವುದಿಲ್ಲ. 2008ರಲ್ಲಿ ಸೇರಿಸಿದರು. ಸೇರಿಸುವಾಗಲೂ ಯಂತ್ರದ ಬದಲು ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಮೊದಲ ಆದ್ಯತೆ ಕೊಟ್ಟರು, ದ್ರಾವಣದ ಚೀಲ ಮನೆಗೇ ತಲುಪುವಂತೆ ಮಾಡಿದರು. ಯಂತ್ರ, ಕೇಂದ್ರ, ಟೆಕ್ನಿಷಿಯನ್ ಎಲ್ಲ ಸಿಗುವವರೆಗೆ ಕಾಯಬೇಕಾಗಲಿಲ್ಲ. 2022ರಲ್ಲಿ ರೋಗಿಯೇ ಆಯ್ಕೆ ಮಾಡಿಕೊಳ್ಳಲಿ ಅಂತ ಬಿಟ್ಟರು. ಜನ ಯಂತ್ರದ ಕಡೆ ಹೋದರು, ಖರ್ಚು ಏರಿತು, ಮತ್ತೆ ತಲೆನೋವು.

ಕಟ್ಟಿದ್ದನ್ನು ಬಿಚ್ಚಿ ಹೊಸದು ಕಟ್ಟುತ್ತೇವೆ ಅನ್ನುವವರ ಬಗ್ಗೆ ಮಾತ್ರ ಹುಷಾರು. ಮೆಕ್ಸಿಕೋದ ಆಗಿನ ಅಧ್ಯಕ್ಷ ಲೋಪೆಸ್ ಒಬ್ರಡೋರ್ ಡೆನ್ಮಾರ್ಕಿನಂಥ ಆರೋಗ್ಯ ವ್ಯವಸ್ಥೆ ಕೊಡುತ್ತೇನೆ ಅಂದರು. ಬಡವರ ಹಳೆಯ ವಿಮೆಯನ್ನು ಮುಚ್ಚಿ 2020ರ ಜನವರಿಯಲ್ಲಿ ಹೊಸ ಸಂಸ್ಥೆ ತೆರೆದರು, 2023ರಲ್ಲಿ ಅದನ್ನೂ ಮುಚ್ಚಿದರು. ನಡುವೆ ಕೋವಿಡ್ ಬಂತು, ನಿಜ. ಆದರೂ ಆರೋಗ್ಯ ಸೇವೆ ಸಿಗದವರ ಸಂಖ್ಯೆ 2018ರಲ್ಲಿ 2 ಕೋಟಿ ಇದ್ದದ್ದು 2022ಕ್ಕೆ 5 ಕೋಟಿ ದಾಟಿತು. ಇದು ಅಲ್ಲಿನ ಸರ್ಕಾರಿ ಸಂಸ್ಥೆಯದ್ದೇ ಲೆಕ್ಕ.

ಈಗ ನಿಮ್ಮ ಕೈಯಲ್ಲಿರುವ ಪ್ರಣಾಳಿಕೆಗೆ ಬನ್ನಿ. 'ಎಷ್ಟು' ಅನ್ನುವ ಸಂಖ್ಯೆಯ ಪಕ್ಕ 'ವರ್ಷಕ್ಕೆ' ಅನ್ನುವ ಪದ ಇದೆಯಾ ನೋಡಿ. ಇಲ್ಲದಿದ್ದರೆ ಅದು ಕಟ್ಟಡದ ಹಣ, ಚಿಕಿತ್ಸೆಯ ಹಣ ಅಲ್ಲ. ಡಾಕ್ಟರು ನರ್ಸುಗಳ ಬಗ್ಗೆ ಏನಾದರೂ ಇದೆಯಾ ನೋಡಿ. ಒಬ್ಬ ಕಿಡ್ನಿ ತಜ್ಞ ತಯಾರಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕು, ಒಂದು ಸರ್ಕಾರದ ಅವಧಿ ಅದರ ಅರ್ಧ. ಆಗಲೇ ಅಧಿಕಾರದಲ್ಲಿದ್ದ ಪಕ್ಷವಾದರೆ ಪ್ರಣಾಳಿಕೆಯನ್ನು ಬದಿಗಿಡಿ, ಕಳೆದ ಬಜೆಟ್ಟಿನಲ್ಲಿ ಘೋಷಿಸಿದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು ಅಂತ ಕೇಳಿ. ಈ ಮೂರು ಸಂಖ್ಯೆ ಒಂದೇ ಆಗಿರುವುದನ್ನು ನಾನು ನೋಡಿದ್ದು ಕಡಿಮೆ. ಏನನ್ನು ಕೊಡುವುದಿಲ್ಲ ಅಂತ ಯಾರಾದರೂ ಬರೆದಿದ್ದರೆ ಅವರಿಗೆ ಒಂದು ಅಂಕ ಜಾಸ್ತಿ ಕೊಡಿ.

ತಂದೆಯವರ ವಿಷಯದಲ್ಲಿ ಒಂದು ಕಿವಿಮಾತು. ಹೊಸ ಕೇಂದ್ರ ತೆರೆದರೆ ಖಂಡಿತ ಹೋಗಿ ನೋಡಿ. ಎಷ್ಟು ಯಂತ್ರ, ದಿನಕ್ಕೆ ಎಷ್ಟು ಪಾಳಿ, ಡಯಲೈಸರ್ ಅವರೇ ಕೊಡುತ್ತಾರಾ ಅಥವಾ ನೀವು ತರಬೇಕಾ, ಆರ್‌ಒ ಘಟಕ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಅಂತ ಅಲ್ಲಿನ ಟೆಕ್ನಿಷಿಯನ್ನನ್ನೇ ಕೇಳಿ. ಮನೆಯಲ್ಲೇ ಮಾಡಿಕೊಳ್ಳುವ ವಿಧಾನ ತಂದೆಯವರಿಗೆ ಹೊಂದುತ್ತದಾ ಅಂತ ಅವರ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ. ಆದರೆ ಈಗ ಹೋಗುತ್ತಿರುವ ಕಡೆಯ ಸರದಿಯನ್ನು ತಕ್ಷಣ ಬಿಟ್ಟುಕೊಡಬೇಡಿ. ಹೊಸ ಕೇಂದ್ರ ಒಂದು ಪೂರ್ತಿ ವರ್ಷ ನಡೆಯಲಿ, ಅದರ ಎರಡನೇ ಬಜೆಟ್ ಬರಲಿ. ಆಗಲೂ ಕಪಾಟಿನಲ್ಲಿ ಡಯಲೈಸರ್ ಇದ್ದರೆ ಹೆಸರು ಬರೆಸಿ.